ಬಾಳೆಹೂವಿನ ಹಣತೆ

ನವೆಂಬರ್ ಎರಡು, ಬೆಳಗಿನ ಏಳೂವರೆ. ಹೊಸಪೇಟೆಯ ಬಂಡಿಯವನು ಕಮಲಾಪುರದಲ್ಲಿ ನಮ್ಮ ಸೋದರಮಾವನ ಅಂಗಳಕ್ಕೆ ಬಂದು ನಿಂತ ಹೊತ್ತು ಅದು. ನಾನು ರಜೆಗೆಂದು ಅಲ್ಲಿದ್ದೆ.

ಮಾವ ಕುಂಬಾರ. ಅವನ ತಂಗಿ, ನನ್ನ ಚಿಕ್ಕವ್ವ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ನಮ್ಮಲ್ಲಿ ಹೆಂಗಸರು ಮಣ್ಣು ತುಳಿದು ಹದ ಮಾಡಬಹುದು, ಮಡಕೆ ತಿರುಗಿಸುವ ತಿಗರಿಯನ್ನು ಮುಟ್ಟುವಂತಿಲ್ಲ. ಹಾಗಾಗಿ ಚಿಕ್ಕವ್ವ ಹಣತೆಗಳನ್ನು ಬೆರಳಲ್ಲೇ ತಿದ್ದುತ್ತಿದ್ದಳು. ಬಾಳೆಹೂವಿನ ಕೆಂಪು ಎಸಳನ್ನು ಹಸಿಮಣ್ಣಿನ ಮೇಲೆ ಒತ್ತಿ, ಗೆರೆಗಳು ಮೂಡಿದ ಮೇಲೆ ಎಸಳಿನಂತೆಯೇ ಅಂಚು ಎತ್ತಿ, ಚೂಪಾದ ತುದಿಯಲ್ಲಿ ಬತ್ತಿಗೆ ಜಾಗ ಬಿಡುವಳು. ದಿನಕ್ಕೆ ಎಂಟಾದರೆ ಹೆಚ್ಚು.

ಮಡಕೆ ಸುಡುವ ಆವಿಗೆಯಲ್ಲಿ ಅವಕ್ಕೆ ಜಾಗ ಕೊಡಲು ಮಾವನಿಗೆ ಮನಸ್ಸಿರಲಿಲ್ಲ. "ಯಾರರ ಕೇಳಿದ್ರ ಇಡೋಣಂತ" ಅಂದಿದ್ದ. ಹೊಸಪೇಟೆಯ ಅಕ್ಕಿ ಗಿರಣಿ ಮನೆಯ ಯಜಮಾನಿ ಕಾರ್ತಿಕದ ದೀಪಕ್ಕೆಂದು ಮಾದರಿ ತರಿಸಿಕೊಂಡಿದ್ದರು. ಚಿಕ್ಕವ್ವ ಅದನ್ನು ಅಡುಗೆ ಒಲೆಯ ಕೆಂಡದಲ್ಲೇ ಸುಟ್ಟು ಕಳಿಸಿದ್ದಳು. ಅವರು ಒಪ್ಪಿದರೆ ಅವಳದು ಮಾವನ ಮನೆಯಲ್ಲಿ ಕೆಲಸ ಅನ್ನಿಸಿಕೊಳ್ಳುತ್ತಿತ್ತು. ಇಲ್ಲದಿದ್ದರೆ ಹೊತ್ತು ಕಳೆಯುವ ಆಟ.

ಬಂಡಿಯವನು ಎತ್ತುಗಳಿಗೆ ನೀರು ಕುಡಿಸುತ್ತಾ ಹೇಳಿದ: "ಅವ್ವಾರು ಹೇಳ್ಯಾರ, ದೀಪ ದೊಡ್ಡದು ಮಾಡು ಅಂತ."

ದೀಪ ಆರಿಸು ಅನ್ನುವುದು ನಮ್ಮಲ್ಲಿ ಅಶುಭ. ಆರಿಸಬೇಕಾದಾಗ 'ದೊಡ್ಡದು ಮಾಡು' ಅನ್ನುತ್ತೇವೆ. ದೊಡ್ಡ ಮನೆಯವರು ಬೇಡವೆಂಬುದನ್ನು ಹೀಗೆ ಮೆತ್ತಗೆ ಹೇಳಿ ಕಳಿಸಿದ್ದಾರೆ ಎಂದೇ ಎಲ್ಲರೂ ತಿಳಿದೆವು.

"ಬಾಳೆಹೂವು ಪಲ್ಯಕ್ಕ ಚಂದ, ಬಿಡ ಯವ್ವಾ" ಎಂದ ಬಂಡಿಯವ.

ಮಾವ ನಗಲಿಲ್ಲ. "ಹೋಗ್ಲಿ ತಂಗಿ" ಎಂದು ಆವಿಗೆಗೆ ಗಡಿಗೆ ಜೋಡಿಸಲು ಎದ್ದ.

ಚಿಕ್ಕವ್ವ ಕೈ ತೊಳೆದಳು. "ಯಾಕ ಬ್ಯಾಡಾತು ಅಂತರ ಕೇಳ್ಕೊಂಡು ಬರ್ತೀನಿ. ಬಂಡಿ ಹೆಂಗೂ ವಾಪಸ್ ಹೊಕ್ಕೈತಲ್ಲ."

ನಾನೂ ಹತ್ತಿ ಕುಳಿತೆ.

ಯಜಮಾನಿ ಪಡಸಾಲೆಯಲ್ಲಿದ್ದರು. ಚಿಕ್ಕವ್ವ ನಿಂತೇ ಕೇಳಿದಳು: "ಏನ್ ತಪ್ಪಾತ್ರಿ ಅವ್ವಾರ?"

"ತಪ್ಪೇನ್ ಬಂತು? ಭಾಳ ಚಂದ ಐತಿ. ಆದ್ರ ಎಣ್ಣಿ ಹಿಡಿಯಂಗಿಲ್ಲ. ಪೂಜಿ ಮುಗಿಯೋದ್ರಾಗ ತಾನ ದೊಡ್ಡದಾಗಿಬಿಡ್ತು. ಅದಕ್ಕ ದೊಡ್ಡದು ಮಾಡು ಅಂದೆ..." ಯಜಮಾನಿ ಅಲ್ಲಿಗೇ ತಡೆದರು. "ಅಯ್ಯ ಶಿವನೇ! ಎಂಥಾ ಮಾತು ಹೇಳಿ ಕಳಿಸೀನಿ! ಅಂಗೈಯಷ್ಟು ಅಗಲ ಮಾಡವ್ವ, ನಲವತ್ತು ಬೇಕು. ಕುಂದ್ರು, ಕುಂದ್ರು."

ಚಿಕ್ಕವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಬಹಳ ಹೊತ್ತು ಸೆರಗು ತೆಗೆಯಲಿಲ್ಲ.

ನಾವು ಮರಳಿದಾಗ ಆವಿಗೆ ತುಂಬಿತ್ತು, ಬೆಂಕಿ ಇಡುವುದೊಂದೇ ಬಾಕಿ. ಮಾವ ಎಲ್ಲ ಕೇಳಿ, "ಎಷ್ಟು ದಿನಕ್ಕ ಒಣಗ್ತಾವು?" ಎಂದ.

"ಎಂಟು ದಿನರ ಬೇಕಣ್ಣ. ಅಲ್ಲೀತನ ಆವಿಗಿ ಹಂಗ ಇಟ್ರ, ನಡುವ ಮಳಿ ಬಂದು ಹಸಿ ಗಡಿಗಿ ಕರಗಿದ್ರ?"

"ಬಂದ್ರ ಮತ್ತ ಜೋಡಿಸ್ತೀನಿ. ಆಡಿದ ಮಾತು ಆಡೀನಿ" ಎನ್ನುತ್ತಾ ಹಣತೆಗಳಿಗೆ ಜಾಗವಾಗಲೆಂದು ಮೇಲಿನ ಸಾಲಿನ ಗಡಿಗೆಗಳನ್ನು ಒಂದೊಂದೇ ಇಳಿಸಿದ.

ಮಳೆ ಬರಲಿಲ್ಲ. ಒಡೆದರೆ ಇರಲೆಂದು ನಲವತ್ತೈದು ಇಟ್ಟೆವು. ನಲವತ್ತೊಂದು ಸರಿಯಾಗಿ ಬಂದವು. ಸೀಳಿದ್ದ ನಾಲ್ಕನ್ನು ಮಾವ ತಿರುಗಿಸಿ ನೋಡಿ, "ಬತ್ತಿ ಇಡೋ ಮೂಗು ದಪ್ಪಾತು, ಅಲ್ಲೇ ಸೀಳೈತಿ. ಮುಂದಿನ ಸಲ ತೆಳ್ಳಗ ಎಳಿ" ಎಂದ. ಅವಳ ಹಣತೆಯ ಬಗ್ಗೆ ಅವನು ಕಸುಬಿನ ಮಾತಾಡಿದ್ದು ಅದೇ ಮೊದಲು. ಚಿಕ್ಕವ್ವ ಅಂದೇ ಮಣ್ಣು ನೆನೆಹಾಕಿದಳು.

ಚಿಕ್ಕವ್ವನ ಹಾಗೆ ತಿದ್ದುವವರು ಬೇರೆಯೂ ಇದ್ದರೇ ಎಂದು ಈಗ ಹುಡುಕುತ್ತಿದ್ದೇನೆ. ಸಂಡೂರು, ಕಂಪ್ಲಿ ಕಡೆಗಳಲ್ಲಿ ತಿಗರಿಯಿಲ್ಲದೆ ಹೂವು, ಎಲೆ, ಕಾಯಿಗಳ ಆಕಾರದಲ್ಲಿ ತಿದ್ದಿದ ಹಣತೆಗಳನ್ನು ಯಾರಾದರೂ ಕಂಡಿದ್ದರೆ, ಮಾಡಿದವರು ಯಾರು, ಹೇಗೆ ಸುಟ್ಟರು ಎಂಬುದನ್ನು ದಯವಿಟ್ಟು ನನಗೆ ಬರೆದು ತಿಳಿಸಬೇಕು.