ಅದುರಿದ ಮೂರು ಅಂಕಿಗಳು

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಒಬ್ಬ ಹುಡುಗಿ ಬೈಕು ತಳ್ಳಿಕೊಂಡು ವಿಮಾ ಕಚೇರಿಯ ಅಂಗಳಕ್ಕೆ ಬಂದಳು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಕೆಟ್ಟು ನಿಂತಿದೆಯಾ?” ಕಿಟಕಿಯ ಬಳಿಯಿದ್ದ ಹೊಸ ಅಧಿಕಾರಿ ಕೇಳಿದಳು.

“ಇಲ್ಲ ಮೇಡಂ, ಒಂದು ಕಿಕ್ ಹೊಡೆದ್ರೆ ಕುದುರೆ. ಇನ್ಶೂರೆನ್ಸ್ ಇಲ್ದೆ ರಸ್ತೇಲಿ ಓಡಿಸೋ ಹಾಗಿಲ್ವಲ್ಲ. ಅದಕ್ಕೆ ಇವತ್ತು ಸವಾರಿ ಅದರದ್ದು, ಕುದುರೆ ನಾನು.”

ಬೈಕು ಅವಳ ಅಮ್ಮನದು. ಅಮ್ಮ ಸೂಲಗಿತ್ತಿ, ಹದಿನೆಂಟು ವರ್ಷ ಅದರ ಮೇಲೆಯೇ ಊರೂರು ತಿರುಗಿದವರು. ಅವರು ಹೋದ ಮೇಲೆ ಎರಡು ವರ್ಷ ಬೈಕು ಸೋರುವ ಶೆಡ್ಡಿನಲ್ಲಿ ನಿಂತಿತ್ತು, ವಿಮೆಯೂ ತಪ್ಪಿತ್ತು. ಈಗ ಮಗಳಿಗೆ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತ್ತು. ಚಿಕ್ಕ ಕ್ಲಿನಿಕ್ಕುಗಳಿಂದ ಮಾದರಿಗಳನ್ನು ತರುವ ಕೆಲಸ. ಸೋಮವಾರ ಬೆಳಿಗ್ಗೆ ಏಳಕ್ಕೆ ಸ್ವಂತ ಬೈಕು, ಚಾಲ್ತಿಯ ವಿಮೆ ಎರಡನ್ನೂ ತೋರಿಸಬೇಕು, ಇಲ್ಲದಿದ್ದರೆ ಪಟ್ಟಿಯ ಮುಂದಿನ ಹೆಸರು. ಕಚೇರಿ ಐದಕ್ಕೆ ಮುಚ್ಚುತ್ತದೆ.

ಅಧಿಕಾರಿ ಲೆಕ್ಕ ಬಿಡಿಸಿ ಹೇಳಿದಳು. ಗುದ್ದಿದರೆ ಎದುರಿನವರಿಗೆ ಕೊಡಬೇಕಾದ ಪರಿಹಾರದ ವಿಮೆ ಕಡ್ಡಾಯ, ಅದರ ದರ ಇಂಜಿನ್ನಿನ ಗಾತ್ರದ ಮೇಲೆ. ಗಾಡಿಗೇ ಆಗುವ ಹಾನಿಗೂ ಬೇಕಾದರೆ ಬೇರೆ ದುಡ್ಡು.

“ಅಮ್ಮ ಒಂದು ಸಲಾನೂ ಕ್ಲೈಮ್ ಮಾಡಿರ್ಲಿಲ್ಲ. ಅದಕ್ಕೆ ರಿಯಾಯಿತಿ ಸಿಗುತ್ತಂತಲ್ಲ?”

“ಎರಡು ವರ್ಷ ತಪ್ಪಿದ ಮೇಲೆ ಅದು ಸಿಗಲ್ಲಮ್ಮ.”

“ಹಾಗಿದ್ರೆ ಕಡ್ಡಾಯದ್ದಷ್ಟೇ ಸಾಕು. ಗಾಡಿಗೆ ಏನಾದ್ರೂ ಆದ್ರೆ ನಾನೇ ನೋಡ್ಕೋತೀನಿ.”

ವಿಮೆ ತಪ್ಪಿದ ಗಾಡಿಯನ್ನು ತಪಾಸಣೆಯಿಲ್ಲದೆ ಒಪ್ಪುವಂತಿರಲಿಲ್ಲ. ಅಧಿಕಾರಿ ಹ್ಯಾಂಡಲ್ಲಿನ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟಳು. ಚೌಕಟ್ಟಿನ ಕುತ್ತಿಗೆಯಲ್ಲಿ ಕೊರೆದಿದ್ದ ಹದಿನೇಳು ಸ್ಥಾನಗಳ ಚಾಸಿ ನಂಬರಿನಲ್ಲಿ ನಡುವಿನ ಎರಡು ಅಂಕಿಗಳೇ ಇರಲಿಲ್ಲ. ಅಲ್ಲಿ ಕಬ್ಬಿಣ ಕನ್ನಡಿಯಂತೆ ಹೊಳೆಯುತ್ತಿತ್ತು.

“ಇದನ್ನ ಉಜ್ಜಿದ್ದು ಯಾರು?”

“ನಾನೇ! ತುಕ್ಕಿದ್ರೆ ನಿಮಗೆ ಓದೋಕೆ ಕಷ್ಟ ಅಂತ ನಿನ್ನೆ ಸ್ಯಾಂಡ್ ಪೇಪರ್ ಹಾಕಿ ಫಳಫಳ ಮಾಡಿದೆ.”

ಬೈಕು ಕದ್ದವರು ಮಾಡುವುದೂ ಇದನ್ನೇ. ಅಧಿಕಾರಿಯ ಕೈಯಲ್ಲಿದ್ದ ನಮೂನೆಯಲ್ಲಿ ಎರಡೇ ಚೌಕಗಳು: ‘ನಂಬರ್ ಸರಿಯಿದೆ’, ‘ನಂಬರ್ ಅಳಿಸಲಾಗಿದೆ’. ಎರಡನೆಯದಕ್ಕೆ ಗುರುತು ಹಾಕಿದರೆ ವಿಮೆ ಇಲ್ಲ, ಕಾಗದ ನೇರ ಪೊಲೀಸ್ ಠಾಣೆಗೆ. ಹುಡುಗಿಯ ಮುಖ ನೋಡಿ ಮೊದಲನೆಯದಕ್ಕೆ ಗುರುತು ಹಾಕುವ ಜಾಯಮಾನ ಅವಳದಲ್ಲ.

“ಅಜ್ಜನ್ನ ಕರೀರಿ,” ಎಂದು ಒಳಗಿನವರಿಗೆ ಕೂಗಿದಳು.

ಅಜ್ಜ ಎಂದರೆ ಅಚ್ಚಿನಜ್ಜ. ಹಿಂದೆ ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು, ಅಕ್ಷರಗಳನ್ನು ತಲೆಕೆಳಗಾಗಿ ಓದಬಲ್ಲವರು. ಮುದ್ರಣಾಲಯ ಮುಚ್ಚಿದ ಮೇಲೆ ಇಲ್ಲಿಗೆ ಬಂದು ಮೂವತ್ತೊಂದು ವರ್ಷ. ನಂಬರಿನ ಮೇಲೆ ತೆಳುಕಾಗದವಿಟ್ಟು ಪೆನ್ಸಿಲ್ ಆಡಿಸಿ ಅಚ್ಚು ತೆಗೆಯುವುದೊಂದೇ ಅವರ ಕೆಲಸ. ಎಲ್ಲರೂ ಫೋಟೊ ಹೊಡೆಯುವ ಈ ಕಾಲದಲ್ಲೂ ಅವರು ಅದನ್ನು ಬಿಟ್ಟಿರಲಿಲ್ಲ. ಬೆರಳ ತುದಿಗಳು ಸದಾ ಕಪ್ಪು. “ಅಜ್ಜ, ನಿನಗೆ ಪೆನ್ಸಿಲ್ ಯಾಕೆ, ಬೆರಳಲ್ಲೇ ಬರಿ,” ಎಂದು ಮೊಮ್ಮಗಳು ಛೇಡಿಸುತ್ತಾಳಂತೆ.

ಅವರು ಬಂದು ಹೊಳೆಯುವ ಜಾಗವನ್ನು ನೋಡಿದರು. “ಅಬ್ಬಾ! ನಿನ್ನ ಕೈಗೆ ಪಾತ್ರೆ ಕೊಟ್ರೆ ತಳ ಉಳಿಯುತ್ತೇನಮ್ಮ?”

ಹುಡುಗಿಯ ಕಣ್ಣು ತುಂಬಿತು. “ಅಜ್ಜ, ನಾನು ಕಳ್ಳಿ ಅಲ್ಲ.”

“ಕಳ್ಳರು ಇಷ್ಟು ಅಚ್ಚುಕಟ್ಟಾಗಿ ಉಜ್ಜಲ್ಲ, ಸುಮ್ನಿರು.”

ಅಧಿಕಾರಿ ಹುಡುಗಿಯ ಹೆಸರಿಗೆ ವರ್ಗವಾಗಿದ್ದ ಆರ್‌ಸಿ ಪುಸ್ತಕ ಚಾಚಿದಳು. ಅಜ್ಜ ಮುಖ ತಿರುಗಿಸಿದರು. “ಬೇಡ ಮೇಡಂ. ಅಚ್ಚು ತೆಗೆಯೋ ಮುಂಚೆ ಗಾಡಿ ಯಾರದ್ದು ಅಂತ ಕೇಳಲ್ಲ, ನಂಬರೂ ನೋಡಲ್ಲ. ಮೊದಲೇ ಗೊತ್ತಿದ್ರೆ ಕೈ ಅದನ್ನೇ ಕಾಣುತ್ತೆ.”

ವಿಜ್ಞಾನ ಓದಿದ ಅಧಿಕಾರಿ ಬೆರಗಾದಳು. ಈ ಪಾಠವನ್ನು ಅವಳಿಗೆ ಪ್ರಯೋಗಾಲಯದಲ್ಲಿ ಮೂರು ವರ್ಷ ಕಲಿಸಿದ್ದರು. ಇವರಿಗೆ ಕಲಿಸಿದ್ದು ಯಾರು?

ಅಜ್ಜ ಬೈಕನ್ನು ಪಡುವಣ ಬಾಗಿಲಿಗೆ ತಿರುಗಿಸಿ ನಿಲ್ಲಿಸಿ, ಸೀಮೆಎಣ್ಣೆಯ ಬಟ್ಟೆಯಲ್ಲಿ ಅದರ ಕುತ್ತಿಗೆ ಒರೆಸಿ, ಸುಮ್ಮನೆ ಕೂತರು. ನಾಲ್ಕೂಕಾಲಿಗೆ ಬಿಸಿಲು ಓರೆಯಾಗಿ ಒಳಬಂತು. ಹೊಳೆಯುವ ಕಬ್ಬಿಣದ ಮೇಲೆ ಕೂದಲೆಳೆಯಷ್ಟು ನೆರಳುಗಳು ಎದ್ದವು. ಅಜ್ಜ ಕಾಗದವಿಟ್ಟು, ಪಕ್ಕಕ್ಕೆ ಹೆರೆದ ಪೆನ್ಸಿಲನ್ನು ಮಲಗಿಸಿ, ಮಲಗಿದ ಮಗುವನ್ನು ಸವರುವ ಹಾಗೆ ಆಡಿಸಿದರು. ಅಂಕಿ ಇಲ್ಲದ ಜಾಗದಲ್ಲಿ ಗೆರೆಯೊಂದು ಬೆಳ್ಳಗೆ ಉಳಿಯಿತು.

“ಹನ್ನೊಂದನೇದು ಏಳು,” ಎಂದರು. ಅಧಿಕಾರಿ ಆರ್‌ಸಿ ತೆರೆದು ನೋಡಿದಳು. ಏಳೇ.

“ಹನ್ನೆರಡನೇದು?”

“ಒಂದು ಚುಕ್ಕೆ, ಒಂದು ಓರೆ ಗೆರೆ. ನಾಲ್ಕೂ ಇರಬಹುದು, ಒಂದೂ ಇರಬಹುದು.”

“ನಾಲ್ಕು ಅನ್ನಿ ಅಜ್ಜ!” ಹುಡುಗಿ ಅಂಗಲಾಚಿದಳು.

“ಕಾಣದ್ದನ್ನ ಕಂಡೆ ಅನ್ನಲ್ಲ ಮಗಳೇ.” ಕಾಗದ ತೆಗೆದು ಬೆಳಕಿಗೆ ಹಿಡಿದರು. “ಈಗ ಹೇಳು. ಯಾರ ಗಾಡಿ, ಯಾವ ವರ್ಷದ್ದು?”

ಅವಳು ಹೇಳಿದಳು. ಅಜ್ಜ ಒಂದು ಕ್ಷಣ ಅವಳ ಮುಖವನ್ನೇ ನೋಡಿ ಒಳಗೆ ಹೋದರು. ಕಬ್ಬಿಣದ ಕಪಾಟಿನಲ್ಲಿ ತಾವು ತೆಗೆದ ಪ್ರತಿ ಅಚ್ಚಿನ ಎರಡನೇ ಪ್ರತಿಯನ್ನೂ ವರ್ಷವಾರು ಪುಸ್ತಕಗಳಲ್ಲಿ ಅಂಟಿಸಿಟ್ಟಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಗಡಿಯಾರ ನಾಲ್ಕು ಮೂವತ್ತೈದು ತೋರಿಸುವಾಗ ಇಪ್ಪತ್ತು ವರ್ಷ ಹಳೆಯ ಕಾಗದವೊಂದನ್ನು ಹಿಡಿದು ಬಂದರು.

ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿದರು. ಅಧಿಕಾರಿ ಹತ್ತಿರ ಬಂದು ನೋಡಿದಳು. ಮೂರನೆಯ ಅಕ್ಷರ ಎಡಕ್ಕೆ ವಾಲಿತ್ತು, ಎರಡರಲ್ಲೂ ಅಷ್ಟೇ. ಎಂಟರ ಹೊಟ್ಟೆಯಲ್ಲೊಂದು ಕಚ್ಚು, ಎರಡರಲ್ಲೂ ಅದೇ ಜಾಗದಲ್ಲಿ. ಹೊಸ ಅಚ್ಚಿನ ಒಂಟಿ ಚುಕ್ಕೆ ಹಳೆಯ ನಾಲ್ಕರ ಪಾದದ ಮೇಲೆ ಕರಾರುವಾಕ್ಕಾಗಿ ಕೂತಿತು. ಎಂದೋ ಯಾವುದೋ ಕಾರ್ಖಾನೆಯಲ್ಲಿ ಯಾರೋ ಹೊಡೆದ ಏಟುಗಳು. ಹಾಗೆ ವಾಲಿದ, ಹಾಗೆ ಕಚ್ಚು ಬಿದ್ದ ಸಾಲು ಜಗತ್ತಿನಲ್ಲಿ ಇದೊಂದೇ.

“ಕೊನೆಯ ಮೂರು ಮಾತ್ರ ಹಳೇದರಲ್ಲಿ ಕಲಸಿಹೋಗಿವೆಯಲ್ಲ ಅಜ್ಜ? ಒಂದೊಂದು ಗೆರೆಯೂ ಎರಡೆರಡಾಗಿದೆ.”

“ಅದು ನನ್ನ ಕೈ ತಪ್ಪಲ್ಲ ಮೇಡಂ,” ಅಜ್ಜ ನಕ್ಕರು. “ಅರ್ಧ ಅಚ್ಚು ಆಗಿತ್ತು, ಯಾರೋ ಓಡಿ ಬಂದು ನೋವು ಶುರುವಾಗಿದೆ ಅಂದ್ರು. ಇವಳಮ್ಮ ಕಿಕ್ ಹೊಡೆದೇಬಿಟ್ರು. ಗಾಡಿ ಆಫ್ ಮಾಡಿಯಮ್ಮ ಅಂದ್ರೆ, ‘ಮಗು ಕಾಯಲ್ಲ, ನೀವೇ ಬೇಗ ಮುಗಿಸಿ’ ಅಂದ್ರು. ನಡುಗೋ ಗಾಡಿ ಮೇಲೇ ಮುಗಿಸಿದೆ.”

ಹುಡುಗಿ ಕಾಗದದ ಮೇಲೆ ಅದುರಿದ ಮೂರು ಅಂಕಿಗಳನ್ನು ಮುಟ್ಟಿದಳು, ಬೆರಳು ಕಪ್ಪಾಯಿತು. ಇಪ್ಪತ್ತು ವರ್ಷದ ಹಿಂದೆ ಯಾರಿಗಾಗಿಯೋ ಹೊರಟು ನಿಂತಿದ್ದ ಅಮ್ಮನ ಅವಸರ ಕಾಗದದಲ್ಲಿ ಹಾಗೆಯೇ ಉಳಿದಿತ್ತು.

ಅಧಿಕಾರಿ ಯಾವ ಚೌಕಕ್ಕೂ ಗುರುತು ಹಾಕಲಿಲ್ಲ. ಕೆಳಗಿನ ಷರಾದಲ್ಲಿ ಬರೆದಳು: ‘ಶುಚಿಗೊಳಿಸುವಾಗ ಎರಡು ಅಂಕಿ ಸವೆದಿವೆ. ಮೂಲ ಅಚ್ಚಿನೊಂದಿಗೆ ಹದಿನೇಳೂ ತಾಳೆಯಾಗಿವೆ. ಎರಡೂ ಅಚ್ಚು ಲಗತ್ತಿಸಿದೆ. ವಿಮೆ ನೀಡಬಹುದು.’ ಸಹಿ ಹಾಕಿದಳು.

ಪಾಲಿಸಿ ಮುದ್ರಣವಾಗಿ ಬಂತು. ಜಾರಿಯ ಸಮಯ ನಾಲ್ಕು ಗಂಟೆ ಐವತ್ತೆಂಟು ನಿಮಿಷ. ಗೋಡೆ ಗಡಿಯಾರದಲ್ಲಿ ಇನ್ನೂ ಐವತ್ತಾರು. ಹುಡುಗಿ ಹೆಲ್ಮೆಟ್ ಹಾಕಿ, ಕಿಕ್ಕರಿನ ಮೇಲೆ ಕಾಲಿಟ್ಟು, ಗಡಿಯಾರದ ಮುಳ್ಳನ್ನೇ ನೋಡುತ್ತ ನಿಂತಳು.

“ಇನ್ನೆರಡು ನಿಮಿಷ ತಾನೇ, ಹೋಗಮ್ಮ,” ಎಂದರು ಅಜ್ಜ.

“ಇಲ್ಲಜ್ಜ. ಐವತ್ತೆಂಟು ಆಗ್ಲಿ.”

ಅಧಿಕಾರಿಯೂ ಅಜ್ಜನೂ ಬಾಗಿಲಲ್ಲಿ ನಿಂತು ಅವಳೊಂದಿಗೆ ಕಾದರು. ಐವತ್ತೆಂಟಾಯಿತು. ಒಂದೇ ಒದೆತಕ್ಕೆ ಬೈಕು ಎದ್ದಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು.