ಲ್ಯಾಬಿನ ಆಯಾ ಕೊಟ್ಟ ಉತ್ತರಗಳು

ಚಿಂತಾಮಣಿಯಲ್ಲಿ ಬಿಎ ಮನಶ್ಶಾಸ್ತ್ರ ಓದುವಾಗ ನಮ್ಮ ಪ್ರಯೋಗಗಳಿಗೆಲ್ಲ ಲ್ಯಾಬಿನ ಆಯಾನೇ ಸಬ್ಜೆಕ್ಟ್. ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಎದುರು ಕೂರುತ್ತಿದ್ದರು. "ಕೇಳಮ್ಮ, ನನ್ ತಲೇಲಿ ಏನೈತೆ, ಬರೀ ಹುಲ್ಲು" ಎನ್ನುವುದು ಪ್ರತಿ ಸಲದ ಮಾತು.

ಒಂದು ದಿನ ಖಿನ್ನತೆಯ ಪ್ರಶ್ನಾವಳಿ ಓದಿದೆ. ನಿದ್ದೆ ಬರುವುದಿಲ್ಲವೇ, ಬದುಕು ಸಾಕೆನಿಸಿದೆಯೇ, ಎಲ್ಲಕ್ಕೂ "ಹೂನಮ್ಮ" ಎಂದರು.

"ಬೇಗ ಮುಗೀಲಿ ಅಂತ ಎಲ್ಲಕ್ಕೂ ಹೂ ಅಂತೀರಲ್ಲ ಆಯಾ!" ಎಂದು ನಕ್ಕೆ. ಅವರೂ ನಕ್ಕರೆಂದು ನೆನಪು. ನನಗೆ ಅನುಕೂಲವಾದ ನೆನಪು. ಖಿನ್ನತೆಯ ಅಂಕ ವಿಪರೀತವಾದರೆ ಮೇಡಂ ಮತ್ತೆ ಮಾಡಿಸುತ್ತಾರೆಂದು ಅರ್ಧ ಉತ್ತರಗಳನ್ನು "ಇಲ್ಲ" ಎಂದು ತಿದ್ದಿದೆ.

ಪ್ರಾಯೋಗಿಕ ಪರೀಕ್ಷೆಗೆ ವಾರವಿರುವಾಗ ಆಯಾ ಆತ್ಮಹತ್ಯೆ ಮಾಡಿಕೊಂಡರು. ಪರೀಕ್ಷೆಯ ದಿನ ಪರೀಕ್ಷಕರು ನನ್ನ ರೆಕಾರ್ಡ್ ತಿರುವಿ, "ಸಬ್ಜೆಕ್ಟ್ ಸ್ಥಿತಿ ಏನಮ್ಮ?" ಎಂದು ಕೇಳಿದರು.

"ನಾರ್ಮಲ್, ಸರ್" ಎಂದೆ.