ಬಾವಿಯ ಹಗ್ಗ ಕೊಯ್ದ ಮೇಡಂ

ನಮ್ಮ ಮೇಡಂ ಅವರ ಬೆರಳ ತುದಿಗಳು ಸದಾ ಬಿರಿದಿರುತ್ತಿದ್ದವು. ದಿನವಿಡೀ ಕೈ ತೊಳೆದು ತೊಳೆದು ಚರ್ಮ ಸುಲಿದು, ಉಪ್ಪಿನಕಾಯಿ ತಾಗಿದರೆ ಉರಿಯುತ್ತದೆಂದು ಮೊಸರನ್ನವನ್ನೂ ಚಮಚದಲ್ಲಿ ತಿನ್ನುತ್ತಿದ್ದರು. ಕುಮಟಾದಿಂದ ಬಸ್ಸಿಗೆ ಬರುವಾಗ ಮುಡಿದ ಅಬ್ಬಲಿಗೆ ದಂಡೆಯನ್ನು ಗೇಟಿನಲ್ಲೇ ತೆಗೆದು ಮೊಳೆಗೆ ಸಿಕ್ಕಿಸಿ ಒಳಗೆ ಬರುವರು. ಸಂಜೆ ಬಾಡಿದ್ದನ್ನೇ ಮುಡಿದುಕೊಂಡು ಹೋಗುವರು. "ಒಳಗೆ ಹೋದ ಹೂವು ಹೊರಗೆ ಬರೂಕಾಗೂದಿಲ್ಲ ತಮ್ಮಾ, ಅದೂ ಕಸವೇ" ಎನ್ನುತ್ತಿದ್ದರು.

ಒಳಗೆ ಎಂದರೆ ಹೊನ್ನಾವರದ ಈಚೆ, ನಮ್ಮೂರಿನ ನೆತ್ತಿಯ ಮೇಲಿದ್ದ ಚಿರೇಕಲ್ಲು ಗುಡ್ಡ. ನಾನು ಹುಟ್ಟುವ ಮೊದಲು ಯಾವುದೋ ಕಂಪನಿ ಅಲ್ಲಿ ಕಡಲ ಮರಳಿನಿಂದ ಅಣು ಇಂಧನದ ಲೋಹ ತೆಗೆಯುತ್ತಿತ್ತಂತೆ. ಉಳಿದ ವಿಷವನ್ನು ಗುಡ್ಡದಲ್ಲೇ ಹೂತು, ಮೇಲೆ ಮಣ್ಣೆಳೆದು, ಬೀಗ ಜಡಿದು ಹೋಯಿತು. ಎಂಥ ಪುಣ್ಯಾತ್ಮರು! ಊರವರ ಬಾಯಲ್ಲಿ ಅದು ಅಣುಗುಂಡಿ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅದನ್ನು ಸ್ವಚ್ಛ ಮಾಡಲು ಒಬ್ಬ ಗುತ್ತಿಗೆದಾರ ಬಂದ. ಮೇಡಂ ಅಲ್ಲಿಯ ಕೆಮಿಸ್ಟ್, ನಾನು ಪಂಪು ನಡೆಸುವವ. ಮೇಲಿನ ಮಣ್ಣು ತೆಗೆದ ಗುಂಡಿಯಲ್ಲಿ ನಿಂತ ವಿಷದ ನೀರನ್ನು ನಾನು ಟಾಂಕಿಗೆ ಎತ್ತಬೇಕು. ಅವರು ಸುಣ್ಣದ ಹಾಲು, ಮತ್ತೊಂದೆರಡು ಔಷಧಿ ಹಾಕಿ ಕಲಕಿಸಿ, ವಿಷವೆಲ್ಲ ಗಸಿಯಾಗಿ ತಳಕ್ಕಿಳಿಯುವ ತನಕ ಕಾಯುವರು. ಗಸಿಯನ್ನು ಸಿಮೆಂಟಿನಲ್ಲಿ ಕಲಸಿ ಡ್ರಮ್ಮಿಗೆ ತುಂಬುವುದು, ಮೇಲಿನ ತಿಳಿಯನ್ನು ಪರೀಕ್ಷಿಸಿ ಹಳ್ಳಕ್ಕೆ ಬಿಡುವುದು. ಗುಡ್ಡದ ಬುಡದಲ್ಲಿ ನಮ್ಮ ಕೇರಿ. ಅಲ್ಲಿ ಮೊದಲ ಬಾವಿಯೇ ನನ್ನದು. ಮಗಳು ಆಗಿನ್ನೂ ತೊದಲು ಮಾತಿನವಳು.

ಒಮ್ಮೆ ಊರವರು ಗೇಟಿಗೆ ಬಂದು ಸೇರಿದರು. ಹಳ್ಳಕ್ಕೆ ಬಿಡುವ ನೀರು ಶುದ್ಧ, ಪರಿಶುದ್ಧ ಎಂದು ಗುತ್ತಿಗೆದಾರನ ಮ್ಯಾನೇಜರ್ ಭಾಷಣ ಹೊಡೆದ. ನನ್ನ ದೊಡ್ಡಪ್ಪ ಆ ನೀರನ್ನೇ ಒಂದು ಲೋಟದಲ್ಲಿ ಹಿಡಿದು, "ಅಷ್ಟು ಚೊಲೋ ನೀರಾದ್ರೆ ಕುಡೀರಿ ನೋಡ್ವ!" ಎಂದ. ಮ್ಯಾನೇಜರ್ ಏನು ಮಾಡಿದ ಗೊತ್ತೇ? ಲೋಟವನ್ನು ಮೇಡಂ ಕೈಗೆ ದಾಟಿಸಿದ. ಅವರು ಅದನ್ನು ಕೆಳಗಿಟ್ಟರು.

"ಇದು ಹಳ್ಳಕ್ಕೆ ಬಿಡೂ ನೀರು, ಕುಡಿಯೂ ನೀರಲ್ಲ. ನಾನು ಕುಡಿಯೂದಿಲ್ಲ."

ಅಷ್ಟೇ ಸಾಕಾಯಿತು. ಗುಡ್ಡ ಹಾರಿಹೋಗುವಂತೆ ಕೂಗೆದ್ದಿತು. ಜನ ಹೋದ ಮೇಲೆ ನಾನೂ ಸಿಟ್ಟಿನಿಂದ ಕೇಳಿದೆ: "ಒಂದು ಗುಟುಕು ಕುಡಿದಿದ್ರೆ ಎಂತ ಆಗ್ತಿತ್ತು ಮೇಡಂ?"

"ನಂಗೆ ಎಂತದೂ ಆಗ್ತಿರ್ಲಿಲ್ಲ. ನಾಳೆ ನಿಮ್ಮ ಹೆಂಗಸರು ಅದೇ ನೀರಲ್ಲಿ ಗಂಜಿ ಬೇಯಿಸ್ತಿದ್ರು. ನಾಟಕ ನಂಗೆ ಬರೂದಿಲ್ಲ."

ಮರುದಿನದಿಂದ ಊರವರು ಹಳ್ಳದ ಕೊಳವೆಗೆ ಅಡ್ಡ ಕೂತರು. ಶುದ್ಧ ಮಾಡಿದ ನೀರು ಹೊರಗೆ ಹೋಗದೆ ಟಾಂಕಿಗಳು ತುಂಬಿ ನಿಂತವು. ಗುಂಡಿಯಿಂದ ಎತ್ತಿದ್ದನ್ನು ಸುರಿಯಲು ಜಾಗವಿಲ್ಲ. ಮೇಡಂ ಕೇರಿಗೆ ಬಂದು ಕೈಮುಗಿದು ಹೇಳಿದರು: ಈ ತಿಳಿನೀರನ್ನು ಬಿಡದಿದ್ದರೆ ಗುಂಡಿಯ ವಿಷವೇ ಕೆಳಗೆ ಬರುತ್ತದೆ, ಮಳೆ ಕಾಯುವುದಿಲ್ಲ. ಯಾರು ಕೇಳಬೇಕು! ಗುಂಡಿಗೆ ತಾಡಪಾಲು ಹೊದಿಸಿದೆವು, ಅದರ ಮೇಲೆ ತೆಂಗಿನ ಗರಿ ಹೆಣೆದ ಮಡ್ಲು ಹೇರಿದೆವು. ಮೃಗಶಿರ ಮಳೆಯ ಮೊದಲ ಗಾಳಿಗೇ ಎರಡೂ ಹಾರಿಹೋದವು. ಗುಂಡಿ ತುಂಬಿತು. ತೂತುತೂತಿನ ಚಿರೇಕಲ್ಲು ನೀರು ಹಿಡಿದಿಡುವ ಕಲ್ಲಲ್ಲ.

ಮೇಡಂ ದಿನವೂ ಕೇರಿಯ ಬಾವಿಗಳಿಂದ ಬಾಟಲಿಯಲ್ಲಿ ನೀರು ಪರೀಕ್ಷೆಗೆ ಒಯ್ಯುತ್ತಿದ್ದರು. ಒಂದು ಮಧ್ಯಾಹ್ನ ಕೊಡೆಯೂ ಇಲ್ಲದೆ ತೊಯ್ದು ತೊಪ್ಪೆಯಾಗಿ ನನ್ನ ಅಂಗಳಕ್ಕೆ ಬಂದರು.

"ತಮ್ಮಾ, ನಿನ್ನ ಬಾವೀಲಿ ಗುಂಡಿಯ ವಿಷ ಬಂದದೆ. ಉಳಿದ ಬಾವೀಲೂ ಬರ್ತಾ ಅದೆ. ಮಗೂಗೆ ಇವತ್ತಿಂದ ಕೊಡಬೇಡ."

"ಮ್ಯಾನೇಜರ್ ಎಂತ ಹೇಳಿದ್ರು?"

"ಮಳೆ ಮುಗಿಯೂವರೆಗೆ ಬಾಯಿ ಮುಚ್ಚಿಕೊಂಡಿರಿ ಅಂದ್ರು. ಮಳೆ ಮುಗಿಯೂವರೆಗೆ ಮಗು ಎಂತ ಕುಡೀತದೆ?"

ನಾನು ಪುರಾವೆ ಕೇಳಲಿಲ್ಲ. ಲೋಟ ಕೆಳಗಿಟ್ಟ ಕೈ ಅದು. ಹೆಂಡತಿ ತುಂಬಿದ ಕೊಡಪಾನವನ್ನು ಅಂಗಳಕ್ಕೆ ಚೆಲ್ಲಿದಳು. ಆದರೆ ಉಳಿದ ಮನೆಯವರು ನಂಬುವುದುಂಟೇ? ನೀರು ಕನ್ನಡಿಯ ಹಾಗಿತ್ತು. ವಾಸನೆಯಿಲ್ಲ, ರುಚಿ ಕೆಟ್ಟಿಲ್ಲ, ಯಾರ ಹೊಟ್ಟೆಯೂ ನೊಂದಿಲ್ಲ. "ಮೊನ್ನೆ ಶುದ್ಧ ಅಂದ್ರಿ, ಇವತ್ತು ವಿಷ ಅಂತ್ರಿ. ನಾಳೆ ಅಮೃತ ಅಂಬ್ರಾ?" ಎಂದ ದೊಡ್ಡಪ್ಪ. ಮೇಡಂ ಮನೆಮನೆಗೆ ಹೋಗಿ ಬೇಡಿದರು. ಕಡೆಗೆ ನನ್ನ ಮಾಡಿಗೆ ಸಿಕ್ಕಿಸಿದ್ದ ಕತ್ತಿ ಎಳೆದುಕೊಂಡು ಹೋಗಿ ಒಂದೊಂದೇ ಬಾವಿಯ ಹಗ್ಗ ಕೊಯ್ಯತೊಡಗಿದರು!

ತುಂಬಿದ ಮನೆಯ ಬಾವಿ ಹಗ್ಗ ಕೊಯ್ಯುವುದೆಂದರೆ ನಮ್ಮಲ್ಲಿ ಸಾವಿನ ಸೂತಕ ತಂದ ಹಾಗೆ. ಹೆಂಗಸರು ಅವರ ಬಾಯಿಗೆ ಮಣ್ಣು ಬೀಳಲೆಂದು ಶಪಿಸಿದರು. ಒಬ್ಬಳು ಜಡೆ ಹಿಡಿದೆಳೆದಳು. ಬಿರಿದ ಬೆರಳಿಂದ ರಕ್ತ ಇಳಿಯುತ್ತಿತ್ತು. "ಬೈಯ್ರಿ, ಹೊಡೀರಿ, ಕುಡೀಬೇಡಿ ಮಾತ್ರ, ನಿಮ್ಮ ಕಾಲಿಗೆ ಬೀಳ್ತೆ" ಎಂದು ಅವರು ಗಟ್ಟಿಯಾಗಿ ಅಳುತ್ತಿದ್ದರು. ದೊಡ್ಡವರೊಬ್ಬರು ಹಾಗೆ ಅತ್ತದ್ದನ್ನು ನಾನು ಮತ್ತೆ ನೋಡಿಲ್ಲ.

ದೊಡ್ಡಪ್ಪ ಪೊಲೀಸರಿಗೆ ದೂರು ಕೊಟ್ಟ. ಹಗ್ಗ ಯಾಕೆ ಕೊಯ್ದಿರಿ ಎಂದು ಪೊಲೀಸರು ಕೇಳಿದರು, ಮೇಡಂ ಎಲ್ಲವನ್ನೂ ಹೇಳಿದರು. ಗುತ್ತಿಗೆದಾರ ಅಡಗಿಸಿದ ಸುದ್ದಿ ಹೊರಬಿದ್ದದ್ದು ಹಾಗೆ. ಅಧಿಕಾರಿಗಳು ಬಂದರು, ಬಾವಿಗಳಿಗೆ ಕುಡಿಯಬಾರದೆಂಬ ಹಲಗೆ ಬಿತ್ತು, ಕೇರಿಗೆ ಟ್ಯಾಂಕರ್ ಬಂತು. ಮೇಡಂ ಕೆಲಸ ಹೋಯಿತು.

ಆಮೇಲೆ ಕುಮಟಾದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳಿ ಬದುಕಿದರು. ಆದರೂ ಪ್ರತಿವರ್ಷ ಮಳೆ ಹಿಂದೆ ಸರಿದಾಗ ಬಾಟಲಿ ಹಿಡಿದು ಬರುವರು. ಗುರುತಿನವರ ಲ್ಯಾಬಿನಲ್ಲಿ ನೀರು ನೋಡಿಸಿ ತಾವೇ ಬಂದು ತಿಳಿಸುವರು. "ಇನ್ನೂ ಬೇಡ ತಮ್ಮಾ." ಆ ಮಾತು ಹೇಳುವಾಗ ತಾವೇ ತಪ್ಪು ಮಾಡಿದಂತೆ ತಲೆ ತಗ್ಗಿಸುತ್ತಿದ್ದರು. "ಅಂದು ಆ ಲೋಟ ಕುಡಿದುಬಿಟ್ಟಿದ್ರೆ ಜನ ಕೊಳವೆ ಬಿಡ್ತಿದ್ರೇನೋ" ಎಂದು ಒಮ್ಮೆ ಅಂದರು. ನಾನು ಅವರ ಬಾಟಲಿ ತುಂಬಿ ಕೊಟ್ಟೆ.

ಕೆಲವು ವರ್ಷಗಳ ಮೇಲೆ ಮೇಡಂ ತೀರಿಹೋದದ್ದು ಎದೆನೋವಿನಿಂದ. ವಿಷದಿಂದ ಸತ್ತರೆಂದು ಕಥೆ ಕಟ್ಟುವವರಿದ್ದಾರೆ, ಅದು ಸುಳ್ಳು. ಸುಳ್ಳು ಅವರಿಗೆ ಆಗುತ್ತಿರಲಿಲ್ಲ.

ಅದೇ ವರ್ಷ ಮಳೆ ಮುಗಿದ ಮೇಲೆ ಹೊಸ ಅಧಿಕಾರಿಯೊಬ್ಬ ಬಂದು, ನೀರು ಸರಿಯಾಗಿದೆ, ಇನ್ನು ಕುಡಿಯಬಹುದು ಎಂದು ಹಲಗೆ ತೆಗೆಸಿ ಹೋದ. ಒಳ್ಳೆಯವನೇ ಇರಬೇಕು, ನನಗೆ ಗೊತ್ತಿಲ್ಲ. ಶಾಲೆಯಿಂದ ಬಂದ ಮಗಳು ಒಂದು ಕೊಡ ಸೇದಿ ಕಟ್ಟೆಯ ಮೇಲಿಟ್ಟು, ಬೊಗಸೆಯಲ್ಲಿ ನೀರು ಹಿಡಿದು ನನ್ನ ಕಡೆ ತಿರುಗಿದಳು.

"ಅಪ್ಪಾ, ಕುಡೀಲಾ?"

ಹೌದು ಅನ್ನಲು ಬಾಯಿ ಬರಲಿಲ್ಲ, ಬೇಡ ಅನ್ನಲೂ ಬರಲಿಲ್ಲ. ಅದನ್ನು ಹೇಳಬೇಕಾದವರು ಇರಲಿಲ್ಲ.